ತೂಬು ತೆರೆದಿರುವಷ್ಟು ಹೊತ್ತು

ಸಮುದ್ರದ ನೀರು ಇಳಿದಾಗ ಬಯಲಾಗುವ ಕೆಸರಿಗೆ ಒಂದು ವಾಸನೆಯಿದೆ. ಉಪ್ಪು, ಕೊಳೆತ ಹುಲ್ಲು, ಚಿಪ್ಪಿನೊಳಗೆ ಉಳಿದುಹೋದ ಜೀವ, ಎಲ್ಲವೂ ಬಿಸಿಲಿಗೆ ಕಾದು ಏಳುವ ವಾಸನೆ. ಅದನ್ನು ಪರಿಮಳವೆಂದು ಯಾರೂ ಕರೆಯಲಾರರು. ಈ ವರ್ಷದ ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ, ರಾರಿಟನ್ ನದಿ ಕೊಲ್ಲಿಯನ್ನು ಸೇರುವ ಸೌತ್ ಆಂಬಾಯ್ ದಂಡೆಯಲ್ಲಿ ಮಗಳು ವಸುಧಾ ಕಾರು ನಿಲ್ಲಿಸಿ ಬಾಗಿಲು ತೆರೆದಾಗ ಆ ವಾಸನೆ ನನಗಿಂತ ಮೊದಲೇ ಒಳಗೆ ಬಂದು ಕುಳಿತಿತು.

“ಅಪ್ಪ, ನೀವು ನಿಧಾನಕ್ಕೆ ಮುಗಿಸಿಕೊಳ್ಳಿ. ನಾನು ಇಲ್ಲೇ ಒಂದು ಕಾಲ್ ಅಟೆಂಡ್ ಮಾಡ್ತೀನಿ” ಎಂದು ಅವಳು ಮೂಗಿಗೆ ಕೈ ಅಡ್ಡ ಹಿಡಿದಳು.

ನಾನು ತಾಮ್ರದ ಚೊಂಬನ್ನೂ ಎಳ್ಳಿನ ಪೊಟ್ಟಣವನ್ನೂ ಹಿಡಿದು ಇಳಿದೆ. ಕಲ್ಲಿನ ಮೇಲೆ ನಿಂತು ಆ ಗಾಳಿಯನ್ನು ಎದೆ ತುಂಬ ತೆಗೆದುಕೊಂಡಾಗ ದುಲಾರಮ್ಮನವರ ವರ್ಷ ಇಡಿಯಾಗಿ ಎದುರು ಬಂದು ನಿಂತಿತು.

ಅದು ಮೂರು ವರ್ಷದ ಹಿಂದಿನ ಮಾತು. ನಾನು ನ್ಯೂ ಜೆರ್ಸಿಯ ಮನ್ರೋದಲ್ಲಿರುವ ಮಗಳ ಮನೆಗೆ ಬಂದು ಆಗ ಹನ್ನೊಂದು ವರ್ಷಗಳಾಗಿದ್ದವು. ವಾರಕ್ಕೆ ಮೂರು ದಿನ ಒಂದು ವ್ಯಾನು ಮನೆಯ ಮುಂದೆ ನಿಂತು, ನನ್ನಂಥ ಮುದುಕರನ್ನು ಒಬ್ಬೊಬ್ಬರಾಗಿ ಹತ್ತಿಸಿಕೊಂಡು, ವುಡ್‌ಬ್ರಿಡ್ಜ್ ಕಡೆಯ ಒಂದು ಹಗಲು ಕೇಂದ್ರಕ್ಕೆ ಕರೆದೊಯ್ಯುತ್ತಿತ್ತು. ಅಲ್ಲಿ ರಕ್ತದೊತ್ತಡ ನೋಡುತ್ತಿದ್ದರು, ಸಿಹಿಯಾದ ಬೇಳೆಸಾರು ಬಡಿಸುತ್ತಿದ್ದರು, ಮಧ್ಯಾಹ್ನ ಬಿಂಗೊ ಆಡಿಸುತ್ತಿದ್ದರು. ನಂಜನಗೂಡಿನ ಪಾಠಶಾಲೆಯಲ್ಲಿ ವೇದವನ್ನೂ ಕಾವ್ಯವನ್ನೂ ಓದಿ, ಮೈಸೂರಿನಲ್ಲಿ ಮೂವತ್ತು ವರ್ಷ ಸಂಸ್ಕೃತ ಕಲಿಸಿದ ನನ್ನನ್ನು ಎಲ್ಲರೂ ಪಂಡಿತ್‌ಜಿ ಎನ್ನುತ್ತಿದ್ದರು. ಯಾರಾದರೂ ಕೇಳಿದರೆ ಸತ್ಯನಾರಾಯಣನ ಪೂಜೆಯನ್ನೋ ತಿಥಿಯನ್ನೋ ಮಾಡಿಸಿಕೊಡುತ್ತಿದ್ದೆ.

ದುಲಾರಿ ಎಂಬುದು ಅವರ ಹೆಸರು. ಅಮ್ಮ ಎಂದು ಸೇರಿಸಿದ್ದು ನನ್ನ ನಾಲಿಗೆಯ ಅಭ್ಯಾಸ. ಅವರ ಹುಟ್ಟೂರು ದಕ್ಷಿಣ ಅಮೆರಿಕದ ಉತ್ತರದ ಅಂಚಿನಲ್ಲಿರುವ ಗಯಾನ. ಮುತ್ತಜ್ಜನನ್ನು ಕಬ್ಬು ಕಡಿಯಲೆಂದು ಕಲ್ಕತ್ತೆಯಿಂದ ಹಡಗು ಹತ್ತಿಸಿ ಅಲ್ಲಿಗೆ ಒಯ್ದಿದ್ದರಂತೆ. ಅಂದಿನಿಂದ ಆ ವಂಶದಲ್ಲಿ ಯಾರೂ ಭಾರತವನ್ನು ಕಂಡಿರಲಿಲ್ಲ. ದುಲಾರಮ್ಮ ನ್ಯೂ ಜೆರ್ಸಿಗೆ ಬಂದು, ಆಸ್ಪತ್ರೆಯಲ್ಲಿ ರೋಗಿಗಳನ್ನು ಎತ್ತಿ ಮಲಗಿಸುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಎರಡೂ ಕೈಗೆ ದಪ್ಪ ಚಿನ್ನದ ಬಳೆ, ಮೊಳಕಾಲ ಕೆಳಗಿನ ಹೂವಿನ ಫ್ರಾಕು, ಕತ್ತರಿಸಿದ ಬಿಳಿಗೂದಲು, ಹಣೆಯಲ್ಲಿ ಸಣ್ಣ ಕುಂಕುಮ. ಅವರದು ಕಬ್ಬಿನ ಗದ್ದೆಯಲ್ಲಿ ಬೆಳೆದ ಇಂಗ್ಲಿಷು, ನನ್ನದು ಪುಸ್ತಕದ್ದು. ಎರಡೂ ಅರ್ಧ ದಾರಿಯಲ್ಲಿ ಸಂಧಿಸುತ್ತಿದ್ದವು. ಅವರ ಮಾತನ್ನು ಇಲ್ಲಿ ನನ್ನ ಭಾಷೆಗೆ ತಂದು ಬರೆಯುತ್ತಿದ್ದೇನೆ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅವರು ಚಹಾದ ಲೋಟ ಹಿಡಿದು ನನ್ನ ಮೇಜಿಗೆ ಬಂದು ಕುಳಿತರು.

“ಪಂಡಿತ್‌ಜಿ, ಒಂದು ಕೇಳ್ಬೇಕು. ಸತ್ತೋರನ್ನ ಕರೆಯುವಾಗ ನೀವು ಯಾವ ಜಾಗದ ಹೆಸರು ಹೇಳ್ತೀರಿ?”

ಕೇಳಿದ ಕಾರಣವನ್ನೂ ಹೇಳಿದರು. ಅವರ ತಂದೆ ಕೋಕರ್ ಕಾಯುವವರು. ಗಯಾನದ ಕರಾವಳಿ ಉಬ್ಬರದ ಹೊತ್ತಿನಲ್ಲಿ ಸಮುದ್ರಕ್ಕಿಂತ ತಗ್ಗಾಗಿರುತ್ತದೆ. ಹಿಂದೆ ಡಚ್ಚರು ಅಡ್ಡಗೋಡೆ ಕಟ್ಟಿ, ಕಾಲುವೆ ತೋಡಿ, ಕಾಲುವೆಯ ಬಾಯಿಗೆ ಮರದ ಗೇಟು ಇಟ್ಟರು. ಆ ಗೇಟೇ ಕೋಕರ್. ನಮ್ಮ ಕೆರೆಗಳ ತೂಬು ಇದ್ದಂತೆ. ಆದರೆ ನಮ್ಮ ತೂಬು ನೀರನ್ನು ಉಳಿಸಿಕೊಳ್ಳುವುದಕ್ಕೆ, ಅದು ನೀರನ್ನು ಹೊರಗೆ ಕಳಿಸುವುದಕ್ಕೆ. ಸಮುದ್ರ ಇಳಿದಾಗ ಗೇಟು ಎತ್ತಿ ಊರಿನ ನೀರನ್ನು ಬಿಡಬೇಕು, ಏರುವ ಮುನ್ನ ಮುಚ್ಚಬೇಕು. ದಿನಕ್ಕೆ ಎರಡು ಬಾರಿ, ಮದುವೆಯಿರಲಿ ಮೈಲಿಗೆಯಿರಲಿ. ತಂದೆ ತೀರಿಕೊಂಡಾಗ ದುಲಾರಮ್ಮ ಇಲ್ಲಿದ್ದರು. ಗ್ರೀನ್ ಕಾರ್ಡಿನ ಕಾಗದ ಇನ್ನೂ ಕೈಗೆ ಬಂದಿರಲಿಲ್ಲ; ಹೊರಟರೆ ಮರಳಿ ಬರುವಂತಿರಲಿಲ್ಲ. ಅವರೊಬ್ಬರೇ ಮಗಳು. ನೆರೆಮನೆಯವರು ಬೆಂಕಿ ಕೊಟ್ಟರು.

“ಆಮೇಲೆ ಪ್ರತಿವರ್ಷ ಪಿತೃಪಕ್ಷಕ್ಕೆ ಇಲ್ಲೇ ನೀರು ಬಿಡ್ತೀನಿ. ಒಬ್ಬ ಪಂಡಿತ ಭರತಖಂಡ ಅಂತಾನೆ, ಇನ್ನೊಬ್ಬ ಕ್ರೌಂಚದ್ವೀಪ, ಅಮೆರಿಕ ಅಂತಾನೆ. ನನ್ನಪ್ಪ ಇಂಡಿಯಾ ನೋಡಿಲ್ಲ. ಅಮೆರಿಕಾನೂ ನೋಡಿಲ್ಲ. ಅವನು ಕೋಕರ್ ಮೇಲೆ ಕೂತಿದಾನೆ. ಬೇರೆಯವರ ಮನೆ ಬಾಗಿಲಲ್ಲಿ ನಿಂತು ಕೂಗಿದ್ರೆ ಅವನಿಗೆ ಹೇಗೆ ಕೇಳುತ್ತೆ?” ಲೋಟವನ್ನು ಒಂದು ಸುತ್ತು ತಿರುಗಿಸಿದರು. “ಅಕ್ಟೋಬರಲ್ಲಿ ಮಗ ನನ್ನ ಫ್ಲಾರಿಡಾಗೆ ಕರ್ಕೊಂಡು ಹೋಗ್ತಾನೆ. ಅಲ್ಲಿ ಯಾರು ಸಿಗ್ತಾರೋ. ಹೋಗೋಕೆ ಮುಂಚೆ ಒಂದೇ ಒಂದು ಸಲ ಅವನನ್ನ ಸರಿಯಾಗಿ ಕರೀಬೇಕು.”

ಯಾವ ಕರ್ಮಕ್ಕೂ ಮೊದಲು ಸಂಕಲ್ಪವಿದೆ. ಯಾವ ಕಾಲದಲ್ಲಿ, ಯಾವ ದ್ವೀಪದಲ್ಲಿ, ಯಾವ ನದಿಯ ದಂಡೆಯಲ್ಲಿ ತಾನು ಕುಳಿತಿದ್ದೇನೆಂದು ಮಾಡುವವನು ಹೇಳಿಕೊಳ್ಳಬೇಕು. ನಾನು ತರಗತಿಯಲ್ಲಿ ಉತ್ತರಿಸುವಂತೆ ಉತ್ತರಿಸಿದೆ: “ಅದು ಮಾಡುವವರು ಕುಳಿತ ಜಾಗ, ದುಲಾರಮ್ಮ. ಪಿತೃಗಳ ವಿಳಾಸವಲ್ಲ. ನೀವು ನ್ಯೂ ಜೆರ್ಸಿಯಲ್ಲಿ ಕುಳಿತು ಗಯಾನ ಎಂದರೆ ಸುಳ್ಳಾಡಿದಂತಾಗುತ್ತದೆ. ಸುಳ್ಳಿನಿಂದ ಆರಂಭವಾದ ಕರ್ಮ ಫಲಿಸುವುದಿಲ್ಲ.”

ಶಾಸ್ತ್ರದಲ್ಲಿ ತಪ್ಪಿರಲಿಲ್ಲ. ಅವರು “ಹೌದಾ” ಎಂದು ಎದ್ದು ಹೋದರು. ಚಹಾ ಅಲ್ಲೇ ಉಳಿಯಿತು. ಮುಂದಿನ ವಾರವೆಲ್ಲ ಕಿಟಕಿಯ ಪಕ್ಕದ ಮೇಜಿನಲ್ಲಿ ಬೆನ್ನು ಮಾಡಿ ಕುಳಿತರು.

ಆ ತಿಂಗಳ ಕೊನೆಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಹಿಮ ಬಿದ್ದಿತು. ಬೆಳಿಗ್ಗೆ ಸ್ನಾನ ಮುಗಿಸಿ ಪೂರ್ವದ ಕಿಟಕಿಗೆ ಮುಖ ಮಾಡಿ ಸಂಧ್ಯಾವಂದನೆಗೆ ಕುಳಿತೆ. ಹೊರಗೆ ಹಿಮ ತಳ್ಳುವ ಗಾಡಿ ರಸ್ತೆಯನ್ನು ಕೆರೆಯುತ್ತ ಹೋಯಿತು. ಆ ಸದ್ದಿನಲ್ಲಿ ನನ್ನ ಧ್ವನಿ ನನಗೇ ಕೇಳದಾಗಿ, ಕೊಂಚ ಗಟ್ಟಿಯಾಗಿ ಹೇಳಿದೆ. ಆಗ ಕೇಳಿಸಿತು: ಜಂಬೂದ್ವೀಪೇ, ಭರತಖಂಡೇ, ಕಪಿಲಾತೀರೇ.

ಕೈಯಲ್ಲಿ ಉದ್ಧರಣೆ ಹಾಗೇ ನಿಂತಿತು. ಬೇರೆಯವರ ಮನೆಗಳಲ್ಲಿ ಕರ್ಮ ಮಾಡಿಸುವಾಗ ನಾನು ಕ್ರೌಂಚದ್ವೀಪವೆಂದೇ ಹೇಳಿಸುತ್ತಿದ್ದೆ, ತಪ್ಪಿದವರನ್ನು ತಿದ್ದುತ್ತಿದ್ದೆ. ನನ್ನ ಸ್ವಂತ ಆಸನದ ಮೇಲೆ ಮಾತ್ರ, ಹನ್ನೊಂದು ವರ್ಷ, ದಿನವೂ ನಂಜನಗೂಡಿನ ಕಪಿಲೆಯ ದಂಡೆಯಲ್ಲೇ ಕುಳಿತಿದ್ದೆ. ಮರೆವೆಂದು ತಳ್ಳಿಹಾಕುವಂತಿರಲಿಲ್ಲ. ಆ ಒಂದು ಹೆಸರನ್ನು ಬಿಟ್ಟರೆ ನನಗೆ ಊರೇ ಇಲ್ಲವಾಗುತ್ತದೆಂಬ ಅಂಜಿಕೆ ಒಳಗೆಲ್ಲೋ ಇದ್ದು, ನಾಲಿಗೆಗೆ ಅಪ್ಪಣೆ ಕೊಟ್ಟಿರಬೇಕು. ಆ ಹೆಣ್ಣುಮಗಳಿಗೆ ನಾನು ಸುಳ್ಳಿನ ಬಗ್ಗೆ ಉಪದೇಶ ಮಾಡಿದ್ದೆ.

ಮರುದಿನ ಕೇಂದ್ರದಲ್ಲಿ ಕಿಟಕಿಯ ಮೇಜಿಗೆ ನಾನೇ ಹೋದೆ. ಇದ್ದುದನ್ನು ಇದ್ದಂತೆ ಹೇಳಿದೆ. ಅವರು ಬಳೆಗಳು ಅಲ್ಲಾಡುವಂತೆ ನಕ್ಕರು.

“ನನ್ನಪ್ಪನೂ ಹಂಗೇ ಪಂಡಿತ್‌ಜಿ. ದಿನಾ ಬೆಳಿಗ್ಗೆ ಅಟ್ಲಾಂಟಿಕ್ ಸಮುದ್ರದ ಮುಂದೆ ನಿಂತು ಜಂಬೂದ್ವೀಪೇ ಭರತಖಂಡೇ ಅಂತಿದ್ದ. ಅವನಪ್ಪ ಹೇಳ್ಕೊಟ್ಟಿದ್ದು. ದೇವರು ಪಾಪ, ನಿಮ್ಮಿಬ್ಬರನ್ನ ಹುಡುಕ್ಕೊಂಡು ದಿನಾ ಇಂಡಿಯಾಗೆ ಹೋಗಿ ಬಾಗಿಲು ತಟ್ಟಿ ಸುಮ್ನೆ ವಾಪಸ್ ಬರ್ತಿದ್ದ ಅನ್ಸುತ್ತೆ.”

“ನನಗೆ ನಿಮ್ಮ ದೇಶವನ್ನು ಹೇಳಿಕೊಡಿ” ಎಂದೆ. “ದಾರಿ ಇದೆಯೋ ಇಲ್ಲವೋ ನೋಡೋಣ. ಮೊದಲು ನೆಲ ತಿಳಿಯಬೇಕು.”

ಹೀಗೆ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ನಾನು ಭೂಗೋಳದ ವಿದ್ಯಾರ್ಥಿಯಾದೆ. ಬಿಂಗೊ ಹಾಳೆಯ ಬೆನ್ನ ಮೇಲೆ ಅವರು ಮೊದಲ ದಿನ ಒಂದು ಉದ್ದ ಗೆರೆ ಎಳೆದರು. ಅದು ಸಮುದ್ರದ ಗೋಡೆ. ಅದರ ಕೆಳಗೆ ನಾಲ್ಕು ಬಳುಕುವ ಗೆರೆಗಳು. ಪಡುವಣದಿಂದ ಮೂಡಣಕ್ಕೆ ಎಸೆಕ್ವಿಬೊ, ಡೆಮೆರಾರ, ಬರ್ಬೀಸ್, ಕೊರೆಂಟೈನ್. ಗಯಾನ ಎಂದರೆ ಬಹಳ ನೀರಿನ ನಾಡು ಎಂದೇ ಅರ್ಥವಂತೆ, ಅಲ್ಲಿನ ಮೂಲದ ಜನ ಇಟ್ಟ ಹೆಸರು. ಎಸೆಕ್ವಿಬೊ ಸಮುದ್ರ ಸೇರುವಲ್ಲಿ ಎದುರು ದಡ ಕಾಣಿಸುವುದಿಲ್ಲ, ಅದರ ಬಾಯಲ್ಲೇ ದ್ವೀಪಗಳಿವೆ ಎಂದರು. ಕಾಡಿನಿಂದ ಬರುವ ಹೊಳೆಗಳ ನೀರು ಎಲೆಗಳ ರಸ ಇಳಿದು ಹಾಲಿಲ್ಲದ ಚಹಾದ ಬಣ್ಣವಾಗಿರುತ್ತದೆ; ಬೊಗಸೆಯಲ್ಲಿ ಹಿಡಿದರೆ ಮಾತ್ರ ತಿಳಿ.

ನನ್ನ ಗೆಳೆಯರಾದ ಸೂರತ್ತಿನ ರಮಣಭಾಯಿ ಪಕ್ಕದ ಮೇಜಿನಿಂದ ಇಸ್ಪೀಟು ಹಿಡಿದೇ ಬಗ್ಗಿ ನೋಡಿದರು. “ಪಂಡಿತ್‌ಜಿ ಜಿಯಾಗ್ರಫಿ ಎಕ್ಸಾಮ್ ಕಟ್ಟಿದಾರೆ. ಈ ಸಲನಾದ್ರೂ ಪಾಸ್ ಮಾಡಿಸಮ್ಮ.”

“ರಮಣಭಾಯಿ, ನೀನು ನಿನ್ನ ಎಲೆ ನೋಡ್ಕೋ. ಸೋಲ್ತಾ ಇದೀಯ” ಎಂದರು ದುಲಾರಮ್ಮ, ತಿರುಗಿಯೂ ನೋಡದೆ.

ವಸಂತ ಕಳೆದು ಬೇಸಗೆ ಬಂದಿತು. ಕೇಂದ್ರದ ಹಿಂದಿನ ಮೇಪಲ್ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಪಾಠ ಮುಂದುವರಿಯಿತು. ಕರಾವಳಿಯಲ್ಲಿ ಕಬ್ಬು, ಭತ್ತ. ಒಳಗೆ ಹೋದರೆ ಬಿಳಿ ಮರಳು, ಅದರ ಹಿಂದೆ ಬಾಕ್ಸೈಟಿನ ನೆಲ. ದುಲಾರಮ್ಮನ ಗಂಡ ಅಲ್ಲಿನ ಗಣಿಯಲ್ಲಿ ದುಡಿದವರು. ಮದುವೆಯಾದ ಹೊಸತರಲ್ಲಿ ಒಗೆದು ಹರವಿದ ಸೀರೆ ಒಣಗುವಷ್ಟರಲ್ಲಿ ಧೂಳಿನಿಂದ ಬೇರೆಯೇ ಬಣ್ಣವಾಗುತ್ತಿತ್ತಂತೆ. “ನಮ್ಮ ಮನೆ ಧೂಳಿಂದ ಅಮೆರಿಕದಲ್ಲಿ ಅಲ್ಯೂಮಿನಿಯಂ ಪಾತ್ರೆ ಆಗ್ತಿತ್ತು” ಎಂದರು. ಅಲ್ಲಿಂದ ಮೇಲಕ್ಕೆ ದಟ್ಟ ಕಾಡು, ಹೊಳೆಯ ಮರಳಿನಲ್ಲಿ ಚಿನ್ನ ಮತ್ತು ವಜ್ರ. ಅವರ ಚಿಕ್ಕಪ್ಪ ಚಿನ್ನ ಸೋಸಲು ಹೋಗಿ ಆರು ವರ್ಷದ ಮೇಲೆ ಬರಿಗೈಯಲ್ಲಿ ಬಂದು, ಮರುವಾರವೇ ಮತ್ತೆ ಹೋದರಂತೆ. ಕಾಡಿನ ನಡುವೆ ಕೈಯೆಟೂರ್ ಎಂಬ ಜಲಪಾತ; ನದಿ ಇಡಿಯಾಗಿ, ಒಂದೇ ತುಂಡಾಗಿ ಬೀಳುತ್ತದೆ. ಇನ್ನೂ ದಕ್ಷಿಣಕ್ಕೆ ದನ ಮೇಯುವ ದೊಡ್ಡ ಹುಲ್ಲುಗಾವಲು.

“ಜಲಪಾತವನ್ನು ನೋಡಿದ್ದೀರಾ?” ಎಂದು ಕೇಳಿದೆ.

“ಎಲ್ಲಿ? ನಮಗೆ ಸಮುದ್ರದ ಗೋಡೆ, ಗದ್ದೆ, ಕೋಕರ್. ಒಳಗಿನ ದೇಶ ನೋಡಿದ್ದು ಶಾಲೆಯ ಗೋಡೆ ಮೇಲೆ. ನೀವು ಹಿಮಾಲಯ ನೋಡಿದೀರಾ?”

ನೋಡಿರಲಿಲ್ಲ. ದಿನವೂ ಮೇರುಪರ್ವತದ ದಿಕ್ಕು ಹೇಳುವ ನಾನು ಭಾರತದಲ್ಲಿ ಉತ್ತರಕ್ಕೆ ಪುಣೆಯನ್ನು ದಾಟಿದವನಲ್ಲ.

ಇನ್ನೊಂದು ದಿನ ಅವರು ಚೀಲದಿಂದ ಅಂಗೈಯಗಲದ ಮರದ ತುಂಡೊಂದನ್ನು ತೆಗೆದು ನನ್ನ ಕೈಗಿಟ್ಟರು. ಹಸಿರು ಬೆರೆತ ಕಂದು, ಕಲ್ಲಿನಷ್ಟು ಭಾರ. ಗ್ರೀನ್‌ಹಾರ್ಟ್ ಎಂಬ ಆ ಮರ ಗಯಾನದ ಕಾಡಿನದು. ಸಮುದ್ರದಲ್ಲಿ ನಿಂತರೂ ಬೇಗ ಕೊಳೆಯದು, ನೀರಿಗೆ ಹಾಕಿದರೆ ತೇಲದು. ಅಪ್ಪನ ಹಳೆಯ ಗೇಟನ್ನು ಕಿತ್ತು ಕಬ್ಬಿಣದ್ದನ್ನು ಇಟ್ಟಾಗ ಊರಿನವರೊಬ್ಬರು ಅದನ್ನು ಕತ್ತರಿಸಿ ಕಳಿಸಿದ್ದರಂತೆ. “ಈಗ ಸಮುದ್ರದ ಅಡಿಯಲ್ಲಿ ಎಣ್ಣೆ ಸಿಕ್ಕಿದೆ ಅಂತ ಊರೆಲ್ಲ ಕುಣೀತಿದೆ. ಅಪ್ಪ ಬದುಕಿಡೀ ಸಮುದ್ರವನ್ನ ಹೊರಗಿಡೋಕೆ ಒದ್ದಾಡಿದ. ಐಶ್ವರ್ಯ ಎಲ್ಲ ಅಲ್ಲೇ ಇತ್ತಂತೆ ನೋಡಿ.”

ನೆಲ ತಿಳಿಯಿತು, ದಾರಿ ಮಾತ್ರ ಕಾಣಲಿಲ್ಲ. ಆಗಸ್ಟ್ ಬಂದಿತು. ಕ್ರ್ಯಾನ್‌ಬರಿಯ ಉಗ್ರಾಣವೊಂದರ ಟ್ರಕ್ ಓಡಿಸುತ್ತಿದ್ದ ಅವರ ಮಗ ಕೆಲಸವನ್ನು ಫ್ಲಾರಿಡಾಗೆ ಬದಲಾಯಿಸಿಕೊಂಡು, ಮನೆ ಅಣಿಮಾಡಲೆಂದು ಮುಂದಾಗಿ ಹೊರಟುಹೋದ. ದುಲಾರಮ್ಮ ನನ್ನನ್ನು ಅವಸರಪಡಿಸಲಿಲ್ಲ. ಆದರೆ ಬೆಳಿಗ್ಗೆ ವ್ಯಾನಿನಿಂದ ಇಳಿದೊಡನೆ ಮೊದಲು ನನ್ನ ಮುಖ ನೋಡುತ್ತಿದ್ದರು. ಸಂಕಲ್ಪವನ್ನು ಬದಲಾಯಿಸಲು ನನ್ನಿಂದಾಗದು. ಸುಳ್ಳಿನ ಭಾರ ಈಗ ನನಗೆ ಮೊದಲಿಗಿಂತ ಚೆನ್ನಾಗಿ ತಿಳಿದಿತ್ತು.

ಗೋಕುಲಾಷ್ಟಮಿಯ ದಿನ ಮನೆಯಲ್ಲಿ ಕಲಶಕ್ಕೆ ನೀರು ತುಂಬಿ, ವಾಡಿಕೆಯಂತೆ ಏಳು ನದಿಗಳನ್ನು ಕರೆಯತೊಡಗಿದೆ. ಗಂಗೆ, ಯಮುನೆ, ಗೋದಾವರಿ ಎಂದು ಹೇಳುತ್ತಿರುವಾಗ ನಲ್ಲಿಯ ಕಡೆ ಕಣ್ಣು ಹೋಯಿತು. ಮನ್ರೋದ ಅಡುಗೆಮನೆಯ ನಲ್ಲಿ. ಕುಳಿತ ಜಾಗವನ್ನು ಬದಲಾಯಿಸಲಾಗದು, ನಿಜ. ನೀರು ಮಾತ್ರ ಎಲ್ಲಿಂದಲಾದರೂ ಬರಬಹುದು. ಬಾ ಎಂದು ಕರೆಯುವುದೇ ನಮ್ಮ ಪದ್ಧತಿ. ಈ ಚೊಂಬಿಗೆ ಗಂಗೆ ಬರಬಹುದಾದರೆ ಎಸೆಕ್ವಿಬೊ ಏಕೆ ಬರಬಾರದು? ಆ ತಂದೆ ದಿನಕ್ಕೆ ಎರಡು ಬಾರಿ ದಾರಿ ಮಾಡಿಕೊಟ್ಟ ನೀರೇ ಅವರನ್ನು ಕರೆಯಲು ಹೋದರೆ, ಅವರಿಗೆ ಕೇಳಿಸದೆ ಇದ್ದೀತೇ?

ಇದನ್ನು ದುಲಾರಮ್ಮನಿಗೆ ಹೇಳಿದೆ. ಅವರು ಕೈಚೀಲದಿಂದ ಕರವಸ್ತ್ರ ತೆಗೆದು ಕಣ್ಣನ್ನಲ್ಲ, ಕನ್ನಡಕವನ್ನು ಒರೆಸಿಕೊಂಡರು. ಗಂಡುಮಕ್ಕಳಿಲ್ಲದ ತಂದೆಗೆ ಮಗಳು ನೀರು ಬಿಡಬಹುದೆಂದು ನನ್ನ ಗುರುಗಳು ಒಮ್ಮೆ ಸ್ಪಷ್ಟವಾಗಿ ಒಪ್ಪಿದ್ದರು. ಆ ವಿಷಯದಲ್ಲಿ ನನಗೆ ಅಳುಕಿರಲಿಲ್ಲ. ಮಹಾಲಯ ಅಮಾವಾಸ್ಯೆಯೆಂದು ಗೊತ್ತುಮಾಡಿದೆವು. ಆಗ ಅವರೊಂದು ಹೊಸ ತೊಡಕು ತಂದರು.

“ನೀರು ಇಳಿದಿರೋ ಹೊತ್ತಲ್ಲೇ ಆಗ್ಬೇಕು ಪಂಡಿತ್‌ಜಿ. ಗೇಟು ಎತ್ತಿದ ಮೇಲೆ ಅಪ್ಪನಿಗೆ ಬಿಡುವು. ಆಗಲೇ ಅವನ ಊಟ, ಆಗಲೇ ನನ್ನ ಜೊತೆ ಮಾತು. ನೀರು ಏರೋ ಹೊತ್ತಿಗೆ ಯಾರು ಕರೆದರೂ ಬರ್ತಿರಲಿಲ್ಲ. ಲಾಟ್‌ಸಾಹೇಬ ಬಂದ್ರೂ ಬರ್ತಿರಲಿಲ್ಲ.”

ಪಿತೃಕಾರ್ಯಕ್ಕೆ ಅಪರಾಹ್ಣ ಬೇಕು. ನಾನು ಚಿಂತೆಯಿಂದ ಮನೆಗೆ ಬಂದು ವಸುಧಾಳನ್ನು ಕೇಳಿದೆ. ಅವಳು ಫೋನು ನೋಡಿದಳು.

“ಅಮಾವಾಸ್ಯೆ ದಿನ ಸೌತ್ ಆಂಬಾಯ್‌ನಲ್ಲಿ ಲೋ ಟೈಡ್ ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ. ಪರ್ಫೆಕ್ಟ್ ಆಯ್ತಲ್ಲಪ್ಪ? ನಾನು ಹಾಫ್ ಡೇ ತಗೊಂಡು ಡ್ರೈವ್ ಮಾಡ್ತೀನಿ. ಆಂಟಿನ ನಾವೇ ಪಿಕಪ್ ಮಾಡೋಣ.”

ಅಪರಾಹ್ಣದ ನಡುಮಧ್ಯ. ನನ್ನ ಅಚ್ಚರಿಯನ್ನು ದುಲಾರಮ್ಮನಿಗೆ ತಿಳಿಸಿದಾಗ ಅವರಿಗೇನೂ ಅಚ್ಚರಿಯಾಗಲಿಲ್ಲ. ಪ್ರತಿ ಅಮಾವಾಸ್ಯೆಗೂ ಒಂದು ಊರಿನ ಸಮುದ್ರ ಹೆಚ್ಚುಕಡಿಮೆ ಅದೇ ಗಂಟೆಗೆ ಇಳಿಯುತ್ತದೆ, ಇದು ಕೋಕರ್ ಕಾಯುವವನ ಮನೆಯ ಮಕ್ಕಳಿಗೆ ಗೊತ್ತಿರುವ ಸಂಗತಿ ಎಂದರು. ಪಂಚಾಂಗ ಓದುವ ನನಗೆ ಗೊತ್ತಿರಲಿಲ್ಲ.

ಆ ಮಧ್ಯಾಹ್ನ ಬಿಸಿಲು ಮೆತ್ತಗಿತ್ತು. ಕೊಲ್ಲಿಯ ನೀರು ಹಿಂದೆ ಸರಿದು, ಕೆಸರಿನ ಮೇಲೆ ಸಣ್ಣ ಏಡಿಗಳು ಓಡಾಡುತ್ತಿದ್ದವು. ಎದುರಿಗೆ ಸ್ಟೇಟನ್ ಐಲೆಂಡ್, ದೂರದಲ್ಲಿ ಎಣ್ಣೆಯ ಟ್ಯಾಂಕುಗಳು. ದುಲಾರಮ್ಮ ಬಿಳಿಯ ಓಢಣಿ ಹೊದ್ದು ಕಾರಿನಿಂದ ಇಳಿದವರೇ ಕಣ್ಣು ಮುಚ್ಚಿ ಗಾಳಿಯನ್ನು ಮೂಸಿ, “ಅಬ್ಬಾ, ಇದೇ” ಎಂದರು. ವಸುಧಾ ಹಾಸಿದ ಚಾಪೆಯ ಮೇಲೆ ಕುಳಿತು, ಗ್ರೀನ್‌ಹಾರ್ಟ್ ತುಂಡನ್ನು ನಡುವೆ ಇಟ್ಟು, ಅದರ ಮೇಲೆ ಚೊಂಬನ್ನಿರಿಸಿದೆವು. ದರ್ಭೆ ಕೊಟ್ಟೆ. ಕಣ್ಣು ಮುಚ್ಚಿ ಸಂಕಲ್ಪ ಆರಂಭಿಸಿದೆ. ಜಂಬೂದ್ವೀಪೇ, ಭರತ...

ನನ್ನ ಮೊಣಕೈಯನ್ನು ಬಳೆಯ ಕೈಯೊಂದು ಮೆಲ್ಲಗೆ ಮುಟ್ಟಿತು.

“ಪಂಡಿತ್‌ಜಿ,” ಎಂದರು ದುಲಾರಮ್ಮ, ಪಿಸುದನಿಯಲ್ಲಿ. “ನ್ಯೂ ಜೆರ್ಸಿ.”

ಹಿಂದಿನಿಂದ ವಸುಧಾ ನಗು ತಡೆದ ಸದ್ದು ಕೇಳಿಸಿತು. ನಾನು ಆಚಮನ ಮಾಡಿ ಮತ್ತೆ ಮೊದಲಿನಿಂದ ಹೇಳಿದೆ. ಕ್ರೌಂಚದ್ವೀಪೇ, ರಾರಿಟನ್ ನದಿಯ ದಕ್ಷಿಣ ತೀರೇ. ಆ ಮಾತು ನನ್ನ ಬಾಯಲ್ಲಿ ಹೊಸ ಹಲ್ಲಿನಂತೆ ಅಪರಿಚಿತವಾಗಿತ್ತು. ಆಮೇಲೆ ಚೊಂಬಿನ ಮೇಲೆ ಕೈಯಿಟ್ಟು ಏಳು ನದಿಗಳನ್ನು ಕರೆದೆ, ಅವುಗಳ ಹಿಂದೆಯೇ ಉಳಿದ ನಾಲ್ಕನ್ನು. ಎಸೆಕ್ವಿಬೊ, ಡೆಮೆರಾರ, ಬರ್ಬೀಸ್, ಕೊರೆಂಟೈನ್. ಬೇಸಗೆಯಿಡೀ ಕಲಿತ ಪಾಠ ತಡವರಿಸಲಿಲ್ಲ. ದುಲಾರಮ್ಮ ತಂದೆಯ ಹೆಸರು ಹೇಳಿ, ಎಳ್ಳು ಬೆರೆತ ನೀರನ್ನು ಹೆಬ್ಬೆರಳ ಕಡೆಯಿಂದ ಬಿಟ್ಟರು. ಮೂರು ಬಾರಿ. ಆಮೇಲೆ ನನಗೆ ಅರ್ಥವಾಗದ ಅವರ ಊರಿನ ಮಾತಿನಲ್ಲಿ ಸಮುದ್ರದ ಕಡೆ ನೋಡುತ್ತ ಏನೇನೋ ಹೇಳತೊಡಗಿದರು. ನಡುವೆ ಒಮ್ಮೆ ನಕ್ಕರು, ಒಮ್ಮೆ ದೂರಿದಂತಿತ್ತು. ಬರಲಾಗದೆ ಹೋದುದನ್ನು ಹೇಳಿದರೆಂದು ಕಾಣುತ್ತದೆ. ನಾನೂ ವಸುಧಾಳೂ ಎದ್ದು ದೂರ ಹೋಗಿ ನಿಂತೆವು.

ಗಂಟೆಗೂ ಹೆಚ್ಚು ಹೊತ್ತು ಕಳೆದಿರಬೇಕು. ಅವರು ಕೈ ಮಾಡಿ ಕರೆದರು. ಕೆಸರಿನಲ್ಲಿ ನಿಂತಿದ್ದ ಹಳೆಯ ಕಂಬವೊಂದನ್ನು ತೋರಿಸಿದರು. ಅದರ ಬುಡದ ಒಣಗೆರೆಯನ್ನು ನೀರು ಬೆರಳಷ್ಟು ದಾಟಿತ್ತು.

“ನೀರು ತಿರುಗ್ತು. ಗೇಟು ಮುಚ್ಬೇಕು. ಅವನು ಹೋಗ್ಲಿ ಪಂಡಿತ್‌ಜಿ, ಕೆಲಸ ಇದೆ.”

ನಾನು ವಿಸರ್ಜನೆ ಹೇಳಿದೆ. ಅವರು ಎದ್ದು ನಿಂತು, ಯಾರನ್ನೋ ಬಾಗಿಲವರೆಗೆ ಕಳಿಸುವವರಂತೆ ನಾಲ್ಕು ಹೆಜ್ಜೆ ನೀರಿನ ಕಡೆ ನಡೆದು ಬಂದರು.

ಅಕ್ಟೋಬರಿನಲ್ಲಿ ದುಲಾರಮ್ಮ ಹೊರಟರು. ಗ್ರೀನ್‌ಹಾರ್ಟ್ ತುಂಡನ್ನು ನನಗೇ ಬಿಟ್ಟರು. ಈಗ ನನ್ನ ಪಂಚಪಾತ್ರೆ ಅದರ ಮೇಲಿದೆ. ಅದನ್ನು ಕಂಡಾಗಲೆಲ್ಲ ನಾಲಿಗೆ ಸರಿದಾರಿಗೆ ಬರುತ್ತದೆ. ಕಪಿಲೆ ನನ್ನನ್ನು ಬಿಟ್ಟುಹೋಗಲಿಲ್ಲ. ಕರೆದರೆ ಚೊಂಬಿಗೆ ಬರುತ್ತಾಳೆ, ಉಳಿದ ನದಿಗಳ ಜೊತೆಗೆ.

ಈ ವರ್ಷ ದಂಡೆಯ ಕಲ್ಲಿನ ಮೇಲೆ ನಾನು ಎಳ್ಳಿನ ಪೊಟ್ಟಣ ಬಿಚ್ಚುತ್ತಿರುವಾಗ ವಸುಧಾ ಫೋನು ಹಿಡಿದು ಕಾರಿನಿಂದ ಬಂದಳು. “ಅಪ್ಪ, ಫ್ಲಾರಿಡಾ ಆಂಟಿ.”

“ಇಲ್ಲಿಯ ಸಮುದ್ರಕ್ಕೆ ಶಿಸ್ತೇ ಇಲ್ಲ ಪಂಡಿತ್‌ಜಿ,” ಎಂದು ದುಲಾರಮ್ಮ ಪೀಠಿಕೆಯಿಲ್ಲದೆ ಆರಂಭಿಸಿದರು. “ಒಂದಿನ ಎರಡು ಸಲ ಇಳಿಯುತ್ತೆ, ಒಂದಿನ ಒಂದೇ ಸಲ. ಅಪ್ಪನಿಗೆ ಏನಂತ ಹೇಳೋದು? ಅದಕ್ಕೇ ಅವನನ್ನ ನಿಮ್ಮ ಹತ್ರಾನೇ ಕಳಿಸ್ತಿದೀನಿ. ನಮ್ಮ ನಾಲ್ಕು ನದಿ ಮರೀಬೇಡಿ. ಅಲ್ಲಿ ನೀರು ಎಲ್ಲಿದೆ?”

ನಾನು ಹಳೆಯ ಕಂಬವನ್ನು ನೋಡಿದೆ. ಬುಡದ ಕೆಸರು ಇನ್ನೂ ಬಯಲಾಗುತ್ತಿತ್ತು.

“ಇನ್ನೂ ಇಳಿಯುತ್ತಿದೆ” ಎಂದೆ.

“ಹಂಗಾದ್ರೆ ಅವಸರ ಇಲ್ಲ,” ಎಂದರು. “ಕೂತ್ಕೊಳ್ಳಿ. ಅವನೂ ಈಗ ತಾನೇ ಕೂತಿರ್ತಾನೆ.”